ಕೀ ನುಂಗಿದ ಕೋಳಿ

ಖಜಾನೆಯ ಬಾಗಿಲಿಗೆ ಎರಡು ಕೀ.
ಒಂದು ನನ್ನ ಸೆರಗಿನ ಗಂಟಿನಲ್ಲಿ, ಇನ್ನೊಂದು ಲೋಬೊ ಸಾಹೇಬರ ಜೇಬಿನಲ್ಲಿ.
ಬಿ.ಎಚ್. ರಸ್ತೆಯ ಈ ನೆಲಮಾಳಿಗೆಯಲ್ಲಿ ಹನ್ನೊಂದು ವರ್ಷ.
ಅವರು ಮೆಟ್ಟಿಲಲ್ಲಿ ನಿಂತು ಕೆಮ್ಮಿದರೆ
ಕೆಮ್ಮು ಮುಗಿಯುವವರೆಗೆ ನಾನು ಕಾಯಬೇಕು,
ಶಿವಮೊಗ್ಗದ ದುಡ್ಡೂ ಕಾಯಬೇಕು.

ಗೋಣಿಯಲ್ಲಿ ಬರುತ್ತವೆ ಮಾಸಿದ ನೋಟು.
ಮೀನಂಗಡಿಯದು ಮೂಗಿಗೇ ಗೊತ್ತು.
ಗಾಂಧಿ ಬಜಾರಿನದಕ್ಕೆ ಅರಿಸಿನದ ಅಂಚು.
ಒಂದರ ಮೇಲೆ ಯಾರೋ ಪೆನ್ಸಿಲಲ್ಲಿ ಕೂಡಿದ ಲೆಕ್ಕ,
ತಪ್ಪು ಲೆಕ್ಕ.
ಹದಿನೈದು ಭಾಷೆಯ ಪಟ್ಟಿಯಲ್ಲಿ ನಾಲ್ಕನೆಯದು ನಮ್ಮದು;
ಮಗ್ಗುಲು ಬದಲಿಸಿದರೆ ಕೊಡುತ್ತೇನೆಂಬ ವಚನ, ಅದರ ಕೆಳಗೆ ಸಹಿ.
ಮಂತ್ರಿಯದು ಯಾಕಲ್ಲ ಸರ್, ಕೇಳಿದ್ದೆ ಹೊಸದರಲ್ಲಿ.
ಕಟ್ಟಿಗೆ ಪಟ್ಟಿ ಸುತ್ತುತ್ತ ಅಂದಿದ್ದರು ಲೋಬೊ:
"ಉಣ್ಣುವವನ ಕೈಗೇ ಸೌಟು ಕೊಡ್ತಾರೇನಮ್ಮ?"

ನನಗೆ ಅದು ಮೊದಲೇ ಗೊತ್ತಿತ್ತು,
ಆನಂದಪುರದ ಕೆರಿಯಮ್ಮ ದೊಡ್ಡಮ್ಮನಿಂದ.
ಸಂಘದ ಟ್ರಂಕಿನ ಕೀ ಅವಳದು. ಸಹಿ ಬಾರದು, ಹೆಬ್ಬೆಟ್ಟು.
ಪಂಚಾಯ್ತಿ ಚುನಾವಣೆಗೆ ಮೂರು ದಿನ ಇರುವಾಗ
ಅಧ್ಯಕ್ಷೆಯ ಗಂಡ ಬಂದ, ಚಪ್ಪಲಿ ಬಿಡದೆ.
"ಎರಡೇ ದಿನಕ್ಕೆ ಕೊಡು. ಗೆದ್ದರೆ ಎರಡರಷ್ಟು ಹಾಕ್ತೀನಿ. ಊರಿಗೇ ಒಳ್ಳೇದು."
ದೊಡ್ಡಮ್ಮ ಒಲೆ ಊದುತ್ತಿದ್ದಳು, ತಿರುಗಲಿಲ್ಲ.
"ಕೀನ ಕೋಳಿ ನುಂಗ್ತು."
"ಹಂಗಾದ್ರೆ ಕೊಯ್ಯೋಣ."
"ಚೌಡಿಗೆ ಬಿಟ್ಟ ಕೋಳಿ."

ಅವನು ಕೋಳಿಯನ್ನು ನೋಡಿದ. ಕೋಳಿ ಅವನ ಚಪ್ಪಲಿಯನ್ನು ನೋಡಿತು.
ಕರಿಮಣಿಯ ಜೊತೆಗೇ ತೂಗುತ್ತಿತ್ತು ಕೀ,
ಅವನಿಗೆ ಕಂಡಿತ್ತು,
ಬಾಗಿಲಲ್ಲಿ ನಿಂತಿದ್ದ ನಮಗೆಲ್ಲ ಕಂಡಿತ್ತು.
ಕಂಡದ್ದನ್ನು ಕಂಡಿಲ್ಲವೆಂದು ಇಡೀ ಊರು ಒಪ್ಪಿತು.
ಟ್ರಂಕಿಗೆ ಇದ್ದದ್ದು ಆ ಬೀಗ.

ಹೋದ ವಾರ ತರಬೇತಿ. ಎ.ಸಿ. ಹಾಲು, ಗೋಡಂಬಿ ಬಿಸ್ಕತ್ತು.
ಹುಡುಗ ಪರದೆಯ ಮೇಲೆ ನೂರರ ನೋಟು ತೋರಿಸಿದ:
"ಇದೂ ಅದೇ ವಚನ ಮೇಡಂ, ಕಾಗದವಿಲ್ಲ ಅಷ್ಟೆ.
ಬೇಕಿದ್ದರೆ ಇಂಥದ್ದಕ್ಕೇ ಖರ್ಚಾಗಲಿ ಅಂತ ಬರೆಯಬಹುದು,
ಇಂಥ ದಿನ ಸಾಯಲಿ ಅಂತಲೂ ಬರೆಯಬಹುದು."
"ಬರೆಯೋರು ಯಾರು?"
"ಸಿಸ್ಟಮ್."
"ಅದರ ಇನ್ನೊಂದು ಕೀ?"
ಅವನು ನೀರು ಕುಡಿದ. ಪಾಪ, ಒಳ್ಳೆಯ ಹುಡುಗ.
ಮುಂದಿನ ಚಿತ್ರಕ್ಕೆ ಹೋದ.

ಸುಳ್ಳು ಯಾಕೆ ಹೇಳಲಿ,
ಸಂಜೆ ಗೋಪಿ ಸರ್ಕಲ್ಲಿನಲ್ಲಿ ಶಮೀಮಳ ಹತ್ತಿರ ಸೇವಂತಿಗೆ ಕೊಂಡೆ,
ಮೂವತ್ತು ರೂಪಾಯಿ ಫೋನಿಂದ ಫೋನಿಗೆ ದಾಟಿತು.
"ಚಿಲ್ಲರೆ ಜಗಳ ಇಲ್ಲ, ಒದ್ದೆ ನೋಟಿಲ್ಲ," ಅವಳಿಗೆ ಖುಷಿ.
ನನಗೂ ಹಗುರವೇ.
ಬಸ್ಸಿನಲ್ಲಿ ಕೂತು ಆ ಚಿತ್ರದ ಸಹಿಯ ಮೇಲೆ ಹೆಬ್ಬೆರಳು ಆಡಿಸಿದೆ.
ಉಬ್ಬಿಲ್ಲ, ತರಿಯಿಲ್ಲ,
ಗಾಜು.
ನೋಟು ಚಿಕ್ಕದಾಗಿ, ದೊಡ್ಡದಾಗಿ, ಮಾಯವಾಯಿತು.

ಆ ಕೋಳಿಯನ್ನು ಮೂರನೆಯ ವರ್ಷ ಮುಂಗುಸಿ ಒಯ್ದಿತು.
ಮುಂಗುಸಿಗೆ ಹರಕೆ ಗೊತ್ತಿಲ್ಲ.
ದೊಡ್ಡಮ್ಮ ಒಂದು ಹೊತ್ತು ಊಟ ಬಿಟ್ಟಳು,
ಮರುದಿನ ಹ್ಯಾಟೆಯೊಂದನ್ನು ಹಿಡಿದು
ಊರು ನೋಡುವಂತೆ ಅಂಗಳದಲ್ಲೇ ಕೂತು
ಅದರ ಕಾಲಿಗೆ ಕೆಂಪು ದಾರ ಕಟ್ಟಿದಳು.

ಲೋಬೊಗೆ ಡಿಸೆಂಬರಿಗೆ ನಿವೃತ್ತಿ.
ಆ ಕುರ್ಚಿಗೆ ಯಾರೂ ಬರುವುದಿಲ್ಲವಂತೆ.
ಈಗ ಮೆಟ್ಟಿಲಲ್ಲಿ ಕೆಮ್ಮುತ್ತಿದ್ದಾರೆ.
ನನ್ನ ಕೀ ಕೈಯಲ್ಲಿದೆ, ಬೆಚ್ಚಗೆ.
ಕಾಯುತ್ತಿದ್ದೇನೆ.