ಇಳಿತದ ಹೊತ್ತು

ಕಾಸ್ತ್ರೋದಲ್ಲಿ ಎರಡು ದಿನದ ತರಬೇತಿ.
ಸಾಂತಿಯಾಗೋದಿಂದ ಬಂದ ಹುಡುಗ
ಪರದೆಯ ಮೇಲೆ ಐದು ಪ್ರಶ್ನೆ ಮೂಡಿಸಿದ:
ಯಾರು ಹೇಳಿದ್ದು, ಯಾವಾಗ, ಎಲ್ಲಿಂದ,
ಬೇರೆ ಯಾರು ಹೇಳುತ್ತಿದ್ದಾರೆ…
ಐದನೆಯದಕ್ಕೆ ಬರುವಷ್ಟರಲ್ಲಿ ಕರೆಂಟು ಹೋಯಿತು.
ಅದನ್ನು ಬಾಯಲ್ಲೇ ಹೇಳಿ, ಪ್ರಮಾಣಪತ್ರ ಹಂಚಿ,
ಬಸ್ಸು ಹಿಡಿಯಲು ಓಡಿದ.

ಪ್ರಮಾಣಪತ್ರ ಈಗ ಸ್ಟಾಫ್ ರೂಮಿನ ಒಲೆಯ ಮೇಲುಗಡೆ,
ಹೊಗೆಗೆ ಅಂಚು ಹಳದಿಯಾಗಿ.
ಫ್ರೇಸಿಯಾ ಇವತ್ತಿಗೂ ನೋಡಿದ ಪುಟವನ್ನೆಲ್ಲ
ಪ್ರಿಂಟು ತೆಗೆದು, ತೂತು ಹೊಡೆದು, ಫೈಲಿಗೆ ಸೇರಿಸುತ್ತಾಳೆ.
ಕಾಗದಕ್ಕೆ ಬಂದದ್ದು ಓಡಿಹೋಗುವುದಿಲ್ಲವಂತೆ.
ಹೆಡ್ ಮಾಸ್ತರರಿಗೆ ತಿಂಗಳ ಕೊನೆಗೆ ಟಿಕ್ ಹಾಕಿದ ಪಟ್ಟಿ ಸಾಕು.
ನಾನು ಎಡುವಿಹೆಸ್ ಬಾರ್ರಿಯಾ, ಮೂವತ್ತೊಂದು ವರ್ಷದ ಸರ್ವಿಸು,
ಐದನ್ನೂ ಬೋರ್ಡಿನ ಮೂಲೆಗೆ ಬರೆದು
ಸುತ್ತ ಚೌಕ ಎಳೆದಿದ್ದೆ:
ಅಳಿಸಬಾರದು.

ಮಂಗಳವಾರ ಬೆಳಿಗ್ಗೆ
ಒಂದು ಕೈಯಲ್ಲಿ ಕೆಟಲ್ಲು, ಇನ್ನೊಂದರಲ್ಲಿ ಫೋನು.
ನಾದಿನಿ ಕಳಿಸಿದ ಚಿತ್ರ:
ಮರಳ ತುಂಬ ಬಾಯಿಬಿಟ್ಟ ಚಿಪ್ಪು,
ಅಂಗಾತ ಬಿದ್ದ ಕಡಲಹಕ್ಕಿ ಎರಡು.
'ಕೆಮ್ಚಿ, ಇವತ್ತು ಏಳು ಗಂಟೆಗೆ. ಕೆಂಪು ಉಬ್ಬರ ಬಂದಿದೆ.
ಚಿಪ್ಪುಮೀನು ಮುಟ್ಟಬೇಡಿ. ಮಕ್ಕಳಿರುವವರಿಗೆಲ್ಲ ತಿಳಿಸಿ.'
ಮಕ್ಕಳಿರುವವರು! ನನಗೆ ಇಪ್ಪತ್ತಾರು.
ಒತ್ತಿದೆ.
ಕೆಟಲ್ಲು ಕೂಗುವ ಮೊದಲೇ ನಲವತ್ತು ಮನೆ ಮುಟ್ಟಿತ್ತು.
ಮಾತು ಆಡಿದರೆ ಹೋಯಿತು ಅನ್ನುತ್ತಾರೆ.
ನಾನು ಆಡಲೂ ಇಲ್ಲ,
ಹೆಬ್ಬೆರಳು ಆಡಿತು.

ಮೂರನೇ ಪೀರಿಯಡ್ಡಿಗೆ ಅದೇ ಚಿತ್ರ ಗೋಡೆಗೆ ಬಿಟ್ಟೆ.
ನಿಜವನ್ನು ನಿಜವೆಂದು ತೋರಿಸುವುದು ಹೇಗೆ,
ಅದು ಅವತ್ತಿನ ಪಾಠ.
ಮೂಲ ಹುಡುಕುವ ಗಾಲಿ ತಿರುಗಿತು, ತಿರುಗಿತು.
ನಮ್ಮ ನೆಟ್ಟು ಗಾಳಿಗೆ ಹೆದರುತ್ತದೆ.

ಹಿಂದಿನ ಬೆಂಚಿನ ಯೆರ್ಕೊ ರಾಯಿನ್,
ಇನ್ನೂ ಅಕ್ಷರಕ್ಕೆ ಬೆರಳಿಟ್ಟು ಓದುವ ಹುಡುಗ, ಎದ್ದ.
'ಏಳು ಗಂಟೆಗೆ ನೀರು ನಮ್ಮನೆ ಮೆಟ್ಟಿಲ ಮೂರನೇ ಹಲಗೆಗಿತ್ತು, ಟೀಚರ್.
ಇಲ್ಲಿ ದೋಣಿಗಳೆಲ್ಲ ಮರಳಲ್ಲಿ ಮಲಗಿವೆ.
ಅಷ್ಟು ಇಳಿಯಬೇಕಾದರೆ ಮಧ್ಯಾಹ್ನ ಒಂದಾಗಬೇಕು.'

ತರಗತಿ ಇಡಿಯಾಗಿ ಕಿಟಕಿಗೆ ತಿರುಗಿತು.
ಹತ್ತು ಗಂಟೆ. ಕಡಲು ಅರ್ಧ ಇಳಿದಿತ್ತು,
ತನ್ನ ಪಾಡಿಗೆ ತಾನು.
ಆಮೇಲೆ ಒಬ್ಬೊಬ್ಬರಿಗೂ ಕಣ್ಣು ಬಂತು.
ಆ ಹಳದಿ ನಮ್ಮವರು ದೋಣಿಗೆ ಬಳಿಯುವುದಿಲ್ಲ.
ಆ ಬೋಳುಗುಡ್ಡ ಯಾವೂರದು?
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ
ಯಾರಿಗೆ ಹೇಳಿಕೊಡಲು ಬಂದಿದ್ದೆ ನಾನು?

ಗಾಲಿ ಇನ್ನೂ ತಿರುಗುತ್ತಿತ್ತು.
ಮಿಲಾರಿಯಾ ಮೊದಲ ಪ್ರಶ್ನೆಗೆ ಬೆರಳು ಮಾಡಿ ಕೇಳಿದಳು:
'ಇದನ್ನ ಕಳಿಸಿದ್ದು ಯಾರು?'
ಅವಳಿಗೆ ಗೊತ್ತಿತ್ತು.
ಅವಳಮ್ಮನ ಫೋನಿಗೆ ಬಂದಿತ್ತು, ನನ್ನ ಹೆಸರಲ್ಲಿ.
'ನಾನು' ಅಂದೆ.
ಮೂವತ್ತೊಂದು ವರ್ಷದಲ್ಲಿ ಇಷ್ಟು ಚಿಕ್ಕ ಪಾಠ ಮಾಡಿರಲಿಲ್ಲ.

ನಾಲ್ಕಕ್ಕೆ ಗುಂಪಿಗೆ ಬರೆದೆ:
ಸುಳ್ಳು ಅದು. ನೋಡದೆ ಕಳಿಸಿದವಳು ನಾನು.
ಮೂವತ್ತೆಂಟು ಕಡೆ ನೀಲಿ ಗೀರು ಬಿತ್ತು, ಉತ್ತರ ಬರಲಿಲ್ಲ.
ಬೆಳಗಿನ ಸುಳ್ಳಿಗೆ ಸುರಿದ ಅಳುಮುಖಗಳಲ್ಲಿ
ಒಂದಾದರೂ ಇತ್ತ ತಿರುಗಲಿಲ್ಲ.

ದಕ್ಕೆಯಲ್ಲಿ ಯೆರ್ಕೊನ ತಾಯಿ,
ಎರಡು ಬಕೆಟ್ಟು, ಎರಡೂ ತುಂಬಿದ್ದು.
ಏನು ಹೇಳಲಿ?
'ಯಾವ ಬಂಡೆಯದು? ಯಾವತ್ತಿನ ಇಳಿತದ್ದು?' ಅಂದೆ.
'ಈಗ ಕೇಳಿದಿರಾ' ಅಂದಳು.
ಪ್ಲಾಸ್ಟಿಕ್ಕಿನೊಳಗಿನ ಚೀಟಿ ತೆಗೆದು ತೋರಿಸಿದಳು,
ಆರೋಗ್ಯ ಇಲಾಖೆಯ ಮೊಹರು, ಸೋಮವಾರದ ತಾರೀಖು.
'ವಿಷ ಕಣ್ಣಿಗೆ ಕಾಣೋಲ್ಲ, ಅದಕ್ಕೆ ಇದು ಬೇಕು.
ಸತ್ತಿದೆಯೋ ಇಲ್ಲವೋ ಅನ್ನೋದಕ್ಕೆ ಬೆರಳು ಸಾಕು.
ತಟ್ಟಿ ನೋಡಿ,
ಜೀವ ಇರೋದು ಬಾಯಿ ಮುಚ್ಚುತ್ತೆ.'

ಒಂದೊಂದನ್ನೇ ತಟ್ಟಿದೆ.
ಮೂರು ಕಿಲೋ ತೂಗಿಸಿಕೊಂಡೆ.
ಚಿಲ್ಲರೆ ಎಣಿಸಿ ಕೊಟ್ಟಳು,
ಎರಡು ಸಲ ಎಣಿಸಿ.