ಎಣ್ಣೆ ಹತ್ತಿದ ಕಾಗದ

ಪ್ರಯೋಗಾಲಯಕ್ಕೆ ಗೊತ್ತಾದದ್ದು ಮೇ ತಿಂಗಳಲ್ಲಿ.
ನನ್ನ ಹೆಬ್ಬೆರಳಿಗೆ ಮಾರ್ಚಿನಲ್ಲೇ ಗೊತ್ತಿತ್ತು.

ಹನ್ನೊಂದು ವರ್ಷ ಜ್ವಿಯಾದನ ಕಾಲು ತಿಕ್ಕಿದ್ದೇನೆ
ಪೋತಿ ಬಂದರಿನ ಈ ಸ್ಟೇಡಿಯಮ್ಮಿನ ಮೆಟ್ಟಿಲಡಿಯ ಕೋಣೆಯಲ್ಲಿ.
ಎಡ ಮೀನಖಂಡದ ಆಳದಲ್ಲಿ ಒಂದು ಗಂಟಿತ್ತು,
ಕಡಲೆಕಾಳಿನಷ್ಟು, ಯಾವುದೋ ಹಳೆಯ ಏಟಿನದು.
ಪ್ರತಿ ಶುಕ್ರವಾರ ಅದನ್ನು ಮಾತಾಡಿಸಿ ಮುಂದೆ ಹೋಗುತ್ತಿದ್ದೆ,
ಬೀದಿಕೊನೆಯ ಮುದುಕನನ್ನು ಮಾತಾಡಿಸುವ ಹಾಗೆ.
ಮಾರ್ಚಿನಲ್ಲಿ ಹುಡುಕಿದರೆ ಅದಿಲ್ಲ.
ಮೂವತ್ನಾಲ್ಕರ ಮೂಳೆಯ ಮೇಲೆ
ಯಾರೋ ಇಪ್ಪತ್ತೆರಡರ ಮಾಂಸ ಹೊದಿಸಿ ಹೋಗಿದ್ದರು.
“ಏನು ಮಲ್ಖಾಜ್, ಕೈ ನಿಂತಿತು?” ಅಂದ.
“ಎಣ್ಣೆ ತಣ್ಣಗಿದೆ” ಅಂದೆ.

ಅಷ್ಟೇ. ಆ ವಿಷಯದಲ್ಲಿ ನಮ್ಮಿಬ್ಬರ ನಡುವೆ ಆದ ಮಾತು ಅಷ್ಟೇ.

ಆ ಸಂಜೆ ಗೆದ್ದಿದ್ದೆವು, ಎರಡು ಸೊನ್ನೆ.
ಚೀಟಿ ಎತ್ತಿದರು, ಮೂರನೇ ನಂಬರು ಬಂತು.
ಹಸಿರಂಗಿಯ ಹುಡುಗನೊಬ್ಬ ಅವನ ನೆರಳಿಗೆ ಅಂಟಿಕೊಂಡ,
ಬೂಟು ಬಿಚ್ಚುವ ಬೆಂಚಿಗೂ, ಪಾಯಿಖಾನೆಯ ಗೋಡೆಗೂ.
ಉಚ್ಚೆ ಬರಲಿಲ್ಲ.
ಒಂದು ಬಾಟಲಿ ಕುಡಿದ, ಇನ್ನೊಂದು, ಮತ್ತೊಂದು;
ಹೊರಗೆ ಸೋತವರ ಬಸ್ಸು ಹಾಡಿಲ್ಲದೆ ಹೊರಟುಹೋಯಿತು.
ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರಲ್ಲ,
ಕುಡಿಯುವುದನ್ನು ಬಾಗಿಲ ಸಂದಿಯಿಂದ ನಾನೇ ನೋಡಿದೆ.
ಕೊನೆಗೂ ತುಂಬಿತು. ಎರಡು ಸೀಸೆ, ಎರಡು ಮುಚ್ಚಳ.
ಎರಡನೆಯದನ್ನು ಜೂನಿನಲ್ಲಿ ಒಡೆದರು,
ಅವನ ಕಣ್ಣೆದುರೇ.
ಎರಡೂ ಒಂದೇ ಮಾತಾಡಿದವು.

ತ್ಬಿಲಿಸಿಯಿಂದ ವಕೀಲೆ ಎತೇರಿ ಬಂದಳು.
ಒಳ್ಳೆಯ ಹೆಂಗಸು, ಬೂಟಿಗೆ ಕೆಸರು ಮೆತ್ತಿದ್ದಕ್ಕೆ ಮುಖ ಸಿಂಡರಿಸಲಿಲ್ಲ.
ಲೆಕ್ಕ ಹೇಳಿದಳು: ತಿಳಿದು ತಿಂದಿದ್ದರೆ ನಾಲ್ಕು ವರ್ಷ,
ತಿಳಿಯದೆ ಮೈಗಿಳಿದಿದ್ದರೆ ಕೆಲವೇ ತಿಂಗಳು.
ಇಳಿಯುವುದು ಬಾಯಿಂದ, ಸೂಜಿಯಿಂದ,
ಇಲ್ಲವೇ (ಆಗ ನನ್ನ ಕೈ ನೋಡಿದಳು)
ಯಾರದೋ ಮುಲಾಮಿನಿಂದ.
ಕಾಗದ ಅವಳೇ ಬರೆದು ತಂದಿದ್ದಳು:
ನನ್ನ ಬೆರಳು ಕುಯ್ದಿತ್ತು, ಔಷಧಿ ಹಚ್ಚಿಕೊಂಡಿದ್ದೆ,
ಕೈ ತೊಳೆಯದೆ ಅವನ ಕಾಲು ತಿಕ್ಕಿದೆ.
ನನಗೆ ಅರವತ್ತೆಂಟು; ನನ್ನನ್ನು ಯಾರು ಅಮಾನತು ಮಾಡುತ್ತಾರೆ?
ಅವನಿಗೆ ನಾಲ್ಕು ವರ್ಷವೆಂದರೆ ಆಟವೇ ಮುಗಿಯಿತು.

ಸುಳ್ಳಿಗೆ ಹೆದರುವವನಲ್ಲ ನಾನು.
ಸೋವಿಯತ್ ಕಾಲದಲ್ಲಿ ಹಿಂಡದ ಹಾಲಿಗೂ ಸಹಿ ಹಾಕಿ ಕೊಟ್ಟವನು.
ಆದರೆ ಆ ಎರಡು ಪದ, ‘ಕೈ ತೊಳೆಯದೆ’,
ಗಂಟಲಲ್ಲಿ ಮೀನಿನ ಮುಳ್ಳು.
ನಲವತ್ತು ವರ್ಷ, ಪ್ರತಿ ಮೈ ಮುಟ್ಟುವ ಮೊದಲೂ
ಮೊಣಕೈವರೆಗೆ ಬಿಸಿನೀರು, ಕಂದು ಸೋಪು.
ಹೆಂಡತಿಯ ಹೆಣ ಒರೆಸುವ ಮೊದಲೂ.

ನಿನ್ನೆ, ಶುಕ್ರವಾರ, ಅವನೇ ಬಂದ,
ಕಂಕುಳಲ್ಲಿ ಒಲೆಯಿಂದ ಆಗಷ್ಟೇ ತೆಗೆದ ರೊಟ್ಟಿ.
ಕೇಳಲು ಬಂದಿರಬೇಕು; ಕೇಳಲಿಲ್ಲ.
ಬೇಡ ಅಂತಲೂ ಅನ್ನಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.
ಅಭ್ಯಾಸಬಲದಿಂದ ಅಡುಗೆಮನೆಯ ಬೆಂಚಿನ ಮೇಲೆ ಬೋರಲಾದ.
ಕಿಟಕಿಯಾಚೆ ಜೌಗಿನ ಕಪ್ಪೆಗಳು ಬಾಯಿಗೆ ಬಂದದ್ದು ಅರಚುತ್ತಿದ್ದವು.
ನಲ್ಲಿ ತಿರುಗಿಸಿದೆ,
ಅವನಿಗೆ ಕೇಳಿಸುವಷ್ಟು ಹೊತ್ತು ಕೈ ತೊಳೆದೆ.

ಮೀನಖಂಡ ಸಡಿಲವಾಗಿತ್ತು.
ಕಡ ತಂದದ್ದೆಲ್ಲ ಮೆಲ್ಲಗೆ ವಾಪಸು ಹೋಗುತ್ತಿತ್ತು.
ಆಳಕ್ಕಿಳಿದ ಹೆಬ್ಬೆರಳಿಗೆ, ಅಗೋ, ಕಡಲೆಕಾಳಿನಷ್ಟು.
ಬಂದೆಯಾ ಮುದುಕಾ, ಅಂದೆ.
“ಯಾರು?” ಅಂದ ಜ್ವಿಯಾದ್.
“ಯಾರೂ ಇಲ್ಲ, ಮಲಗು.”
ಬೆನ್ನು ಅಲುಗುತ್ತಿತ್ತು. ಎಷ್ಟು ಹೊತ್ತೋ ತಿಕ್ಕಿದೆ.

ಅವನು ಹೋದ ಮೇಲೆ ನೋಡಿದರೆ
ಸೀಸೆಯಡಿ ಸಿಕ್ಕಿಸಿದ್ದ ಕಾಗದಕ್ಕೆ ಎಣ್ಣೆ ಹಬ್ಬಿ
ಸಹಿಯ ಜಾಗದಲ್ಲಿ ಮೇಜಿನ ಮರವೇ ಕಾಣಿಸುತ್ತಿದೆ.
ಪೆನ್ನು ಊರಿದೆ. ಶಾಯಿ ಹಿಡಿಯಲಿಲ್ಲ.

ಎತೇರಿ ಸೋಮವಾರ ಇನ್ನೊಂದು ಪ್ರತಿ ಕಳಿಸುತ್ತಾಳಂತೆ.