ಸಣ್ಣಚ್ಚು

ಹೊಂಗೆಮರ ಮೊನ್ನೆತನಕ ಸವೆದ ಪೊರಕೆ.
ಇವತ್ತು ನೋಡಿದರೆ
ಎಣ್ಣೆ ಹಚ್ಚಿ ತಲೆ ಬಾಚಿಕೊಂಡ ಹಾಗೆ ಮಿರಮಿರ.
ಕೆಳಗೆ ನಮ್ಮ ಕರು, ಹುಟ್ಟಿ ನಾಲ್ಕು ದಿನ,
ಉದುರಿದ ಹೂವನ್ನೆಲ್ಲ ಮೂಗಿಗೆ ಮೆತ್ತಿಕೊಂಡು
ಯಾರು ಕರೆದರೂ ಬೇರೆ ಕಡೆ ತಿರುಗುತ್ತದೆ.

ಬೆಳಗಿನ ಶಾಲೆ ಶುರುವಾಗಿ ವಾರ.
ಹನ್ನೊಂದೂವರೆಗೇ ಬಂದ ಬೋಸಯ್ಯ
ಚೀಲ ಎಸೆದ, ನಿಂತೇ ಎರಡು ರೊಟ್ಟಿ ತಿಂದ,
ವೇದಾವತಿಯಲ್ಲಿ ಮೊಣಕಾಲುದ್ದ ನೀರಿದೆಯಂತೆ,
ಓಡಿದ.

ಯುಗಾದಿಗಿನ್ನು ಒಂಬತ್ತೇ ದಿನ.
ಮನೆಯೊಳಗಿನದೆಲ್ಲ ಅಂಗಳಕ್ಕೆ ಬಂದಿದೆ:
ಕಂಬಳಿ, ಕೌದಿ, ಸೇರು, ಪಾವು,
ಹಿಡಿ ಮುರಿದ ಬೀಸುವ ಕಲ್ಲು,
ನನ್ನ ಮದುವೆಗೆ ಬಂದ ಏಳು ಗೋಡೆಗಡಿಯಾರ,
ಏಳೂ ಬೇರೆ ಬೇರೆ ಹೊತ್ತಿಗೆ ನಿಂತಂಥವು.
ಬಿಸಿಲಲ್ಲಿ ನಮ್ಮ ಸಂಸಾರ
ಇಷ್ಟೇ ಅನ್ನಿಸುತ್ತದೆ. ಇಷ್ಟೊಂದಾ ಅಂತಲೂ.

ಮಾವ ಕತ್ತಾಳೆ ಕುಂಚ ಜಜ್ಜುತ್ತಾ ಕೂತಿದ್ದಾನೆ.
ಸುಣ್ಣಕ್ಕೆ ನೀಲಿ ಎಷ್ಟು ಬೀಳಬೇಕು
ಎಂಬುದೊಂದರಲ್ಲಿ ಅವನ ಮಾತಿಗೆ ಮನೆಯಲ್ಲಿ ಎದುರಿಲ್ಲ.

ಶಾವಿಗೆ ಮಿಷನ್ನು ಬೆಳಿಗ್ಗೆಯೇ ಬಂತು,
ಗೋಣಿಚೀಲದಲ್ಲಿ, ಓಬಕ್ಕನ ಮಗನ ಸೈಕಲ್ಲಿನ ಮೇಲೆ.
ಎಂಟು ಮನೆಯವರು ಚೀಟಿ ಹಾಕಿ ತಂದದ್ದು,
ಎಂಟೂ ಮನೆಯ ಹಿಟ್ಟು ಅದರ ಸಂದಿಯಲ್ಲಿ ಒಣಗಿದೆ.
ಅಚ್ಚು ಮೂರಿದ್ದವು. ದಪ್ಪದ್ದಿದೆ, ನಡುವಿನದಿದೆ.
ಸಣ್ಣಚ್ಚು ಹೋದ ವರ್ಷದಿಂದ ಇಲ್ಲ.

'ಎದುರುಮನೆ ಕಾಟಕ್ಕನದೇ ಕೆಲಸ' ಅಂದಿದ್ದಳು ನಮ್ಮತ್ತೆ.
ಅಂದದ್ದು ಗೋಡೆಗೆ, ಕೇಳಿಸಿದ್ದು ಬೀದಿಗೆ.
ಅವತ್ತಿಂದ ಎರಡು ಬಾಗಿಲ ನಡುವೆ
ಹದಿನಾಲ್ಕು ಹೆಜ್ಜೆ. ಯಾರೂ ಇಟ್ಟಿಲ್ಲ.
ಹೆಪ್ಪಿಗೆ ಮಜ್ಜಿಗೆ ಬೇಕಾದರೂ
ನಾನು ಮೇಲುಬೀದಿಗೆ ಸುತ್ತಿ ಹೋಗುತ್ತಿದ್ದೆ.

ನೀಲಿ ಪುಡಿಗೆ ಮಾವ ಅಟ್ಟದ ಡಬ್ಬಿ ಇಳಿಸಿದ.
ತುಕ್ಕು ಹಿಡಿದ ಬಿಸ್ಕತ್ತು ಡಬ್ಬಿ,
ಮುಚ್ಚಳ ಬಿಡಿಸಲು ಚಮಚೆ, ಆಮೇಲೆ ಸುತ್ತಿಗೆ.
ಕೈ ಹಾಕಿದವನು ತುಸು ಹೊತ್ತು ಹಾಗೇ ಇದ್ದ.
ಅಂಗೈಲಿ ಹೊರಬಂತು
ಹಿತ್ತಾಳೆಯ ಬಿಲ್ಲೆ,
ತೂತು ತೂತಲ್ಲೂ ನೀಲಿ ತುಂಬಿಕೊಂಡು.

ಈ ವರ್ಷ ಮೊದಲ ಸರದಿ ತನಗೇ ಇರಲೆಂದು
ಅತ್ತೆಯೇ ಬಚ್ಚಿಟ್ಟಳೋ,
ಡಬ್ಬಿ ತೊಳೆಯುವಾಗ ತಾನಾಗಿ ಬಿತ್ತೋ,
ನಾನು ಕೇಳಲಿಲ್ಲ.
ಕೇಳುವಂಥ ಮುಖವಿರಲಿಲ್ಲ ಅದು.
ಹುಣಸೆಹಣ್ಣು ಹಚ್ಚಿ ತಿಕ್ಕಿದಳು, ಬೂದಿ ಹಚ್ಚಿ ತಿಕ್ಕಿದಳು,
ಪೊರಕೆಕಡ್ಡಿಯಿಂದ ಒಂದೊಂದೇ ತೂತು ಚುಚ್ಚಿ
ಸೂರ್ಯನಿಗೆ ಹಿಡಿದು ನೋಡಿದಳು.
ಅವಳ ಕೆನ್ನೆ ಮೇಲೆ ಸಣ್ಣ ಸಣ್ಣ ಬಿಸಿಲು.

ಮಾವ ಸುಣ್ಣದ ಕೈಯಲ್ಲೇ ಹಿಡಿ ತಿರುಗಿಸಿದ.
ನಾನು ಹಿಟ್ಟು ಒತ್ತಿದೆ, ಅವಳು ಎಳೆ ಹಿಡಿದಳು,
ಮಗ್ಗುಲು ಹೊರಳಿಸಿದ ಮಂಚಕ್ಕೆ ಪಂಚೆ ಹಾಸಿ
ಕೂದಲಂಥ ಶಾವಿಗೆ ಹರವಿದೆವು.
ಮೊದಲ ಎಳೆಗಳು ತುಸು ನೀಲಿಯಾಗೇ ಬಂದವು.
ಅವು ಕರುವಿನ ತಾಯಿಗೆ.

ಸಂಜೆ ಒಂದು ತಟ್ಟೆ ತುಂಬಿ, ಮೇಲೊಂದು ತಟ್ಟೆ ಮುಚ್ಚಿ
ನನ್ನ ಕೈಲಿಟ್ಟಳು.
'ಏನಂತ ಹೇಳಲಿ?'
'ಏನೂ ಹೇಳಬ್ಯಾಡ. ಕೊಟ್ಟು ಬಾ.'

ಹದಿನಾಲ್ಕು ಹೆಜ್ಜೆ. ಎಣಿಸಿದೆ. ಹದಿಮೂರೇ ಆಯಿತು.
ಕಾಟಕ್ಕ ಹಳೇ ಸೀರೆ ಹಾಸಿಕೊಂಡು
ಬೇವಿನ ಹೂವು ಆರಿಸುತ್ತಿದ್ದಳು.
ತಟ್ಟೆ ತೆರೆದು, ಒಂದೆಳೆ ಎತ್ತಿ,
ಬೆರಳಲ್ಲಿ ಹೊಸೆದು ನೋಡಿದಳು.
'ಸಣ್ಣಚ್ಚಿಂದು' ಅಂದಳು.
'ಹೂಂ' ಅಂದೆ.
ಒಳಗೆಲ್ಲೋ ಕುಕ್ಕರು ಕೂಗಿತು. ಎರಡು. ಮೂರು.

ಬೈಯುತ್ತಾಳೆ ಅಂದುಕೊಂಡೆ, ಅಳುತ್ತಾಳೆ ಅಂತಲೂ.
ಒಳಗೆ ಹೋದಳು,
ಬರಿದಾದ ತಟ್ಟೆ ಹಾಗೇ ಕೊಡಬಾರದಲ್ಲ,
ಒಂದು ಬೊಗಸೆ ಬೇವಿನ ಹೂವು ಹಾಕಿ ತಂದಳು.
ಅದರ ಮೇಲೆ ಬೆಲ್ಲ ಇಡಲಿಲ್ಲ.
'ಬೆಲ್ಲ ನಿಮ್ಮತ್ತೆಯೇ ಬಂದು ಒಯ್ಯಲಿ' ಅಂದಳು.

ಬಂದು ಹಾಗೇ ಹೇಳಿದೆ.
ಅತ್ತೆ ಗೋಡೆ ನೋಡುತ್ತಿದ್ದಳು,
ಇನ್ನೂ ಹಸಿ, ಅಲ್ಲಲ್ಲಿ ನೀಲಿ ಜಾಸ್ತಿ.
'ಈ ಮುದುಕನಿಗೆ ಒಂದು ಹದ ಗೊತ್ತಿಲ್ಲ' ಅಂದು
ಸೆರಗಿಗೆ ಕೈ ಒರೆಸಿಕೊಂಡು
ಚಪ್ಪಲಿ ಹುಡುಕಿದಳು.
ಏಳು ಗಡಿಯಾರದ ಅಡಿಯಲ್ಲೆಲ್ಲೋ ಇದ್ದವು.